ಬೈಪಾಸ್ ಆದ ಮೇಲೆ ಬಿಳಿ ರಕ್ತಕಣ ಏರುವುದು ಯಾಕೆ?

ಕಾಮರ್ಸ್ ಓದುವವರು ರಕ್ತಕಣದ ಬಗ್ಗೆ ಬರೆಯುವುದೇಕೆ ಎಂದು ಸೈನ್ಸ್ ಸೆಕ್ಷನ್‌ನ ಗೆಳೆಯರು ಕೇಳಬಹುದು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಕಡೆಯಿಂದ ನಮ್ಮ ಕಾಲೇಜಿಗೆ ಬರುವ ನಮ್ಮೆಲ್ಲರ ಮನೆಗಳಲ್ಲಿ, ಇಲ್ಲವೇ ಪಕ್ಕದ ಮನೆಗಳಲ್ಲಿ, ಒಬ್ಬರಾದರೂ ಹೃದಯದ ಆಪರೇಷನ್ ಮಾಡಿಸಿಕೊಂಡವರು ಇರುತ್ತಾರೆ. ಅವರ ಮನೆಯವರ ಕೈಗೆ ಆಸ್ಪತ್ರೆಯಿಂದ ದಿನಾ ಒಂದು ಹಾಳೆ ಬರುತ್ತದೆ. ಅದರ ತುಂಬಾ ಅಂಕಿಗಳು. ಮನೆಯಲ್ಲಿ ಓದುತ್ತಿರುವ ಹುಡುಗ ಹುಡುಗಿಯರ ಕೈಗೆ ಆ ಹಾಳೆ ಕೊಟ್ಟು "ಇದು ಏನು ನೋಡು" ಅನ್ನುತ್ತಾರೆ. ಆಗ ನೀವು ಸೈನ್ಸೋ ಕಾಮರ್ಸೋ ಎಂದು ಯಾರೂ ಕೇಳುವುದಿಲ್ಲ.

ಆ ಹಾಳೆಯಲ್ಲಿ ಮನೆಯವರನ್ನು ಹೆಚ್ಚು ಹೆದರಿಸುವ ಸಾಲು ಒಂದಿದೆ. ಅದು ಟೋಟಲ್ ಕೌಂಟ್, ಅಂದರೆ ಒಟ್ಟು ಬಿಳಿ ರಕ್ತಕಣಗಳ ಸಂಖ್ಯೆ. ದೊಡ್ಡವರಲ್ಲಿ ಇದು ಒಂದು ಕ್ಯುಬಿಕ್ ಮಿಲಿಮೀಟರ್ ರಕ್ತಕ್ಕೆ ಸುಮಾರು 4,000ದಿಂದ 11,000 ಇರಬೇಕು. ಬೈಪಾಸ್ ಆದ ಎರಡನೇ ದಿನ ಅದು 15,000 ದಾಟಿರುವುದು ಅಪರೂಪವಲ್ಲ. ನಮಗೆಲ್ಲ ಗೊತ್ತಿರುವ ಪಾಠ ಒಂದೇ: ಬಿಳಿ ರಕ್ತಕಣ ಜಾಸ್ತಿಯಾದರೆ ಇನ್ಫೆಕ್ಷನ್. ಎದೆ ತೆರೆದು ಹೊಲಿದ ಮನುಷ್ಯನಿಗೆ ಇನ್ಫೆಕ್ಷನ್ ಎಂದರೆ ಯಾರಿಗೆ ತಾನೇ ಭಯವಾಗುವುದಿಲ್ಲ? ಆದರೆ ಬೈಪಾಸ್ ಆದ ಮೊದಲ ಮೂರು ದಿನ ಈ ಏರಿಕೆಗೆ ಬಹುಪಾಲು ಬೇರೆಯೇ ಕಾರಣಗಳಿವೆ. ಅವನ್ನು ತಿಳಿಯಲು ಮೊದಲು ಒಂದು ಮುಳ್ಳಿನ ವಿಷಯ ಹೇಳಬೇಕು.

ಮುಳ್ಳು ಮತ್ತು ಸೈನಿಕರು

ನಮ್ಮ ನಾನಾ ಬಡಗಿ. ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ ನಲವತ್ತು ವರ್ಷ ಬಾಗಿಲು, ಮಂಚ, ಅಲ್ಮೇರಾ ಮಾಡಿದವರು. ಅವರ ಬೆರಳಿಗೆ ಮರದ ಸಿಬಿರು ಹೋಗದ ವಾರ ಇರಲಿಲ್ಲ. ಸಿಬಿರು ಒಳಗೇ ಉಳಿದರೆ ಮರುದಿನ ಬೆರಳು ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತಿತ್ತು. ಕೆಂಪು, ಬಿಸಿ, ಊತ, ನೋವು: ಈ ನಾಲ್ಕು ಲಕ್ಷಣಗಳನ್ನು ಎರಡು ಸಾವಿರ ವರ್ಷದ ಹಿಂದೆಯೇ ರೋಮಿನ ಸೆಲ್ಸಸ್ ಎಂಬವನು ಬರೆದಿಟ್ಟಿದ್ದಾನೆ. ನಮ್ಮ ಮನೆಯ ಉರ್ದುವಿನಲ್ಲಿ ಇದಕ್ಕೆ ಸೂಜನ್ ಅನ್ನುತ್ತೇವೆ. ಸೂಜನ್ ಎಂದರೆ ಬರೀ ಊತ. ಕನ್ನಡದ 'ಉರಿಯೂತ' ನನಗೆ ಇನ್ನೂ ಇಷ್ಟವಾಯಿತು. ಉರಿ ಮತ್ತು ಊತ, ನಾಲ್ಕರಲ್ಲಿ ಎರಡು ಲಕ್ಷಣ ಹೆಸರಿನಲ್ಲೇ ಇವೆ.

ಸಿಬಿರಿನ ಸುತ್ತ ಏನು ನಡೆಯುತ್ತದೆ ಎಂದು ಮೊದಲು ಸರಿಯಾಗಿ ಕಂಡವನು ರಷ್ಯಾದ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿದ್ದಾಗ ಆತ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ ಬಿಟ್ಟ. ಮರುದಿನ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮುಳ್ಳಿನ ಸುತ್ತ ಜೀವಕೋಶಗಳು ಗುಂಪುಗಟ್ಟಿ ಅದನ್ನು ಮುತ್ತಿದ್ದವು. ಆ ಮರಿಯಲ್ಲಿ ರಕ್ತನಾಳಗಳೇ ಇಲ್ಲ. ಆದರೂ ಕೋಶಗಳು ಎಲ್ಲಿಂದಲೋ ನಡೆದು ಬಂದಿದ್ದವು. ಈ ಕೆಲಸಕ್ಕೆ 1908ರಲ್ಲಿ ಆತನಿಗೆ ಪಾಲ್ ಎರ್ಲಿಕ್ ಜೊತೆ ನೊಬೆಲ್ ಸಿಕ್ಕಿತು.

ನಮ್ಮ ರಕ್ತದಲ್ಲಿ ಈ ಕೆಲಸಕ್ಕೆ ಮೊದಲು ಓಡಿ ಬರುವ ಬಿಳಿ ಕಣದ ಹೆಸರು ನ್ಯೂಟ್ರೋಫಿಲ್. ಬಿಳಿ ಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವೇ. ಮೂಳೆಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್ ತಯಾರಿಸುತ್ತದೆ. ಅವು ರಕ್ತದಲ್ಲಿ ಬದುಕುವುದು ಹೆಚ್ಚೆಂದರೆ ಒಂದು ದಿನದ ಲೆಕ್ಕ. ಅವುಗಳ ಹೊಟ್ಟೆಯಲ್ಲಿ ಸಣ್ಣ ಸಣ್ಣ ಚೀಲಗಳಿವೆ. ಚೀಲದೊಳಗೆ ಇಲಾಸ್ಟೇಸ್‌ನಂಥ, ಮಾಂಸವನ್ನೇ ಕರಗಿಸುವ ಕಿಣ್ವಗಳು. ಅದರ ಜೊತೆ ಆಮ್ಲಜನಕದಿಂದ ಬ್ಲೀಚಿಂಗ್ ಪೌಡರಿನಂಥ ತೀಕ್ಷ್ಣ ರಾಸಾಯನಿಕವನ್ನೂ ತಯಾರಿಸುತ್ತವೆ. ಬ್ಯಾಕ್ಟೀರಿಯಾ ಕೊಲ್ಲಲು ಇವೆಲ್ಲ ಬೇಕು. ತಪ್ಪು ಜಾಗದಲ್ಲಿ ಚೆಲ್ಲಿದರೆ ನಮ್ಮದೇ ಅಂಗಾಂಶ ಸುಡುತ್ತದೆ.

ಇನ್ನೊಂದು ವಿಷಯ ಲೆಕ್ಕ ಓದುವವರಿಗೆ ಮುಖ್ಯ. ರಕ್ತನಾಳದೊಳಗಿನ ನ್ಯೂಟ್ರೋಫಿಲ್‌ಗಳಲ್ಲಿ ಸುಮಾರು ಅರ್ಧದಷ್ಟು ಹರಿಯುವ ರಕ್ತದಲ್ಲಿ ಇರುವುದೇ ಇಲ್ಲ. ನಾಳದ ಗೋಡೆಗೆ ಅಂಟಿಕೊಂಡಂತೆ ನಿಧಾನವಾಗಿ ಉರುಳುತ್ತಿರುತ್ತವೆ. ಸೂಜಿ ಚುಚ್ಚಿ ತೆಗೆದ ರಕ್ತದಲ್ಲಿ ಅವು ಲೆಕ್ಕಕ್ಕೆ ಸಿಗುವುದಿಲ್ಲ. ಗಾಬರಿಯಾದಾಗ, ನೋವಾದಾಗ, ಆಪರೇಷನ್ ಆದಾಗ ಅಡ್ರಿನಲಿನ್ ಮತ್ತು ಕಾರ್ಟಿಸೋಲ್ ಹೆಚ್ಚುತ್ತವೆ. ಆಗ ಇವು ಗೋಡೆ ಬಿಟ್ಟು ನಡುಪ್ರವಾಹಕ್ಕೆ ಬರುತ್ತವೆ. ಹೊಸ ಕಣ ಒಂದೂ ಹುಟ್ಟದಿದ್ದರೂ ಕೌಂಟ್ ಏರುತ್ತದೆ. ಬೀರುವಿನಲ್ಲಿದ್ದ ಹಣ ಬ್ಯಾಂಕಿಗೆ ಹಾಕಿದರೆ ಪಾಸ್‌ಬುಕ್‌ನಲ್ಲಿ ಬ್ಯಾಲೆನ್ಸ್ ಏರಿದಂತೆ.

ರಕ್ತ ಮೈಯಿಂದ ಹೊರಗೆ ಹೋದಾಗ

ಬೈಪಾಸ್ ಎಂದರೆ ಏನು ಎಂಬುದನ್ನು ಬೇಗ ಹೇಳಿಬಿಡುತ್ತೇನೆ. ಹೃದಯದ ಸ್ನಾಯುವಿಗೆ ರಕ್ತ ಕೊಡುವ ಕರೊನರಿ ನಾಳ ಕಟ್ಟಿಕೊಂಡಿರುತ್ತದೆ. ಕಾಲಿನಿಂದ ತೆಗೆದ ಸಿರೆಯನ್ನೋ ಎದೆಗೋಡೆಯ ಒಳಗಿನ ಅಪಧಮನಿಯನ್ನೋ ತಂದು, ಕಟ್ಟಿದ ಜಾಗ ದಾಟಿಸಿ ಹೊಲಿಯುತ್ತಾರೆ. ರಿಂಗ್ ರೋಡ್ ಮಾಡಿದ ಹಾಗೆ. ಕಾಲಿನ ಸಿರೆಯಿಂದ ಹೀಗೆ ಮಾಡುವ ವಿಧಾನವನ್ನು 1967ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್‌ನಲ್ಲಿ ಬೆಳೆಸಿದವರು ಅರ್ಜೆಂಟೀನಾದ ಸರ್ಜನ್ ರೆನೆ ಫವಲೊರೊ. ಭಾರತದಲ್ಲಿ ಮೊದಲ ಬೈಪಾಸ್ ಆದದ್ದು 1975ರಲ್ಲಿ, ಚೆನ್ನೈನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ. ಮಾಡಿದವರು ಡಾ. ಕೆ.ಎಂ. ಚೆರಿಯನ್. ಅವರು ವೈದ್ಯಕೀಯ ಓದಿದ್ದು ನಮ್ಮ ಕರಾವಳಿಯ ಕಸ್ತೂರಬಾ ಮೆಡಿಕಲ್ ಕಾಲೇಜಿನಲ್ಲಿ. 2025ರ ಜನವರಿಯಲ್ಲಿ ಅವರು ತೀರಿಕೊಂಡದ್ದು ಬೆಂಗಳೂರಿನಲ್ಲಿ. ಆಗ ಒಂದು ಆಪರೇಷನ್ ದೇಶದ ಸುದ್ದಿ. ಈಗ ಬನ್ನೇರುಘಟ್ಟ ರಸ್ತೆಯ ಸರ್ಕಾರಿ ಜಯದೇವ ಆಸ್ಪತ್ರೆಯಲ್ಲಿ, 2000ದಲ್ಲಿ ಡಾ. ದೇವಿ ಶೆಟ್ಟಿ ಬೊಮ್ಮಸಂದ್ರದಲ್ಲಿ ಶುರು ಮಾಡಿದ ನಾರಾಯಣ ಹೃದಯಾಲಯದಲ್ಲಿ ಇದು ದಿನನಿತ್ಯದ ಕೆಲಸ.

ಬಡಿಯುತ್ತಿರುವ ಹೃದಯದ ಮೇಲೆ, ಕೂದಲಿಗಿಂತ ಸಣ್ಣ ದಾರದಿಂದ ಹೊಲಿಯುವುದು ಕಷ್ಟ. ಅದಕ್ಕೆ ಪೊಟ್ಯಾಶಿಯಂ ಇರುವ ತಣ್ಣನೆ ದ್ರವ ಕೊಟ್ಟು ಹೃದಯವನ್ನು ನಿಲ್ಲಿಸುತ್ತಾರೆ. ಆಗ ಹೃದಯದ ಕೆಲಸವನ್ನೂ ಶ್ವಾಸಕೋಶದ ಕೆಲಸವನ್ನೂ ಒಂದು ಯಂತ್ರ ಮಾಡುತ್ತದೆ. ಹಾರ್ಟ್-ಲಂಗ್ ಮಷೀನ್. ಆಸ್ಪತ್ರೆಯವರು 'ಪಂಪ್' ಅನ್ನುತ್ತಾರೆ. ದೇಹದ ಕೆಟ್ಟ ರಕ್ತ ಪ್ಲಾಸ್ಟಿಕ್ ಕೊಳವೆಯಲ್ಲಿ ಇಳಿದು ಬಂದು, ಆಕ್ಸಿಜನೇಟರ್ ಎಂಬ ಡಬ್ಬಿಯಲ್ಲಿ ಆಮ್ಲಜನಕ ತುಂಬಿಸಿಕೊಂಡು, ಮತ್ತೆ ಮಹಾಪಧಮನಿಗೆ ಹೋಗುತ್ತದೆ.

ರಕ್ತ ಹೃದಯದ ಬಲಗಡೆಯಿಂದ ಶ್ವಾಸಕೋಶಕ್ಕೆ ಹೋಗಿ ಗಾಳಿ ಬೆರೆಸಿಕೊಂಡು ಎಡಗಡೆಗೆ ಬರುತ್ತದೆ ಎಂದು ಮೊದಲು ಬರೆದವರು ಡಮಾಸ್ಕಸ್‌ನಲ್ಲಿ ಹುಟ್ಟಿ ಕೈರೋದಲ್ಲಿ ವೈದ್ಯರಾಗಿದ್ದ ಇಬ್ನ್ ಅನ್-ನಫೀಸ್. ಸುಮಾರು 1242ರಲ್ಲಿ, ಇಬ್ನ್ ಸೀನಾ ಅವರ ಗ್ರಂಥಕ್ಕೆ ಬರೆದ ವ್ಯಾಖ್ಯಾನದಲ್ಲಿ. ಆ ಹಸ್ತಪ್ರತಿಯ ಬೆಲೆ 1924ರಲ್ಲಿ ಬರ್ಲಿನ್ನಿನ ಲೈಬ್ರರಿಯಲ್ಲಿ ಒಬ್ಬ ಈಜಿಪ್ಟ್ ವೈದ್ಯರು ಅದನ್ನು ಓದುವ ತನಕ ಜಗತ್ತಿಗೆ ತಿಳಿಯಲಿಲ್ಲ. ಪಂಪ್ ಮಾಡುವುದು ಅದೇ ಸುತ್ತನ್ನು ಮೈಯ ಹೊರಗೆ ಮಾಡಿಸುವ ಕೆಲಸ. ಮನುಷ್ಯರಲ್ಲಿ ಅದು ಮೊದಲು ಗೆದ್ದದ್ದು 1953ರ ಮೇ 6ರಂದು, ಫಿಲಡೆಲ್ಫಿಯಾದಲ್ಲಿ. ಜಾನ್ ಗಿಬ್ಬನ್ ಎಂಬ ಸರ್ಜನ್ 18 ವರ್ಷದ ಹುಡುಗಿಯ ಹೃದಯದೊಳಗಿನ ತೂತು ಮುಚ್ಚಿದರು. 26 ನಿಮಿಷ ಯಂತ್ರವೇ ಅವಳ ಹೃದಯ. ನಮಗಿಂತ ಒಂದು ವರ್ಷ ದೊಡ್ಡವಳು ಅಷ್ಟೆ.

ಈಗ ಲೆಕ್ಕ ಮಾಡೋಣ. ಪಂಪ್ ನಿಮಿಷಕ್ಕೆ ಸುಮಾರು ನಾಲ್ಕೂವರೆ ಲೀಟರ್ ರಕ್ತ ತಳ್ಳುತ್ತದೆ. 90 ನಿಮಿಷ ನಡೆದರೆ 405 ಲೀಟರ್. ದೇಹದಲ್ಲಿ ಇರುವುದು ಸುಮಾರು ಐದೇ ಲೀಟರ್. ಅಂದರೆ ಅದೇ ರಕ್ತ ಎಂಬತ್ತಕ್ಕಿಂತ ಹೆಚ್ಚು ಬಾರಿ ಪ್ಲಾಸ್ಟಿಕ್ಕಿನೊಳಗೆ ಸುತ್ತಿ ಬರುತ್ತದೆ. ಆಕ್ಸಿಜನೇಟರ್ ಒಳಗೆ ಕೂದಲಿನಂಥ ಟೊಳ್ಳು ನೂಲುಗಳಿವೆ. ಅವುಗಳ ಮೇಲ್ಮೈ ಬಿಡಿಸಿ ಹಾಸಿದರೆ ಸುಮಾರು ಎರಡು ಚದರ ಮೀಟರ್. ನಾವು ನಮಾಜಿಗೆ ಹಾಸುವ ಎರಡು ಜಾನಮಾಜ್‌ಗಿಂತಲೂ ಹೆಚ್ಚು.

ಹುಟ್ಟಿದಾಗಿನಿಂದ ರಕ್ತ ಮುಟ್ಟಿ ಹರಿದಿರುವುದು ಒಂದೇ ಮೇಲ್ಮೈಯನ್ನು. ಅದು ನಾಳಗಳ ಒಳಪದರ, ಎಂಡೋಥೀಲಿಯಂ. 'ಇದು ನಮ್ಮ ಮನೆ' ಎಂದು ಅದು ರಕ್ತಕ್ಕೆ ಸದಾ ಹೇಳುತ್ತಿರುತ್ತದೆ. ಪ್ಲಾಸ್ಟಿಕ್ ಹಾಗೆ ಹೇಳುವುದಿಲ್ಲ. ರಕ್ತಕ್ಕೆ ಅದು ಸಿಬಿರು. ನಾನಾ ಬೆರಳಿಗೆ ಹೋಗುತ್ತಿದ್ದ ಸಿಬಿರು ಒಂದು ಜಾಗದಲ್ಲಿತ್ತು, ಊತವೂ ಅಲ್ಲೇ ಇತ್ತು. ಈ ಸಿಬಿರನ್ನು ದೇಹದ ಪ್ರತಿ ಹನಿ ರಕ್ತವೂ ಮುಟ್ಟಿ ಬರುತ್ತದೆ. ಹಾಗಾಗಿ ಉರಿಯೂತ ಇಡೀ ಮೈಗೆ ಹಬ್ಬುತ್ತದೆ.

ಕ್ರಮ ಹೀಗೆ. ರಕ್ತದ ಪ್ರೋಟೀನುಗಳು ಕ್ಷಣಗಳಲ್ಲೇ ಪ್ಲಾಸ್ಟಿಕ್ಕಿಗೆ ಅಂಟುತ್ತವೆ. ಅಲ್ಲಿಂದ ಹೆಪ್ಪುಗಟ್ಟಿಸುವ ಸರಪಳಿ ಎಚ್ಚರವಾಗುತ್ತದೆ. ಜೊತೆಗೇ ಕಾಂಪ್ಲಿಮೆಂಟ್ ಎಂಬ ಇನ್ನೊಂದು ಪ್ರೋಟೀನ್ ಗುಂಪು ಎಚ್ಚರವಾಗಿ, ತಾನೇ ತುಂಡಾಗಿ ಸಿ3ಎ, ಸಿ5ಎ ಎಂಬ ಚೂರುಗಳನ್ನು ಬಿಡುತ್ತದೆ. ಸಿ5ಎ ನ್ಯೂಟ್ರೋಫಿಲ್‌ಗಳಿಗೆ ಅಜಾನ್ ಇದ್ದ ಹಾಗೆ, ಕೇಳಿದೊಡನೆ ಎದ್ದು ಬರುತ್ತವೆ. ಇತರ ಬಿಳಿ ಕಣಗಳು ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-8 ಎಂಬ ಸಂದೇಶಗಳನ್ನು ಕಳಿಸುತ್ತವೆ. ಮೂಳೆಮಜ್ಜೆ ಬಾಗಿಲು ತೆರೆದು ದಾಸ್ತಾನಿನಲ್ಲಿದ್ದ ನ್ಯೂಟ್ರೋಫಿಲ್‌ಗಳನ್ನು ಹೊರಗೆ ಬಿಡುತ್ತದೆ, ಕೆಲವು ಇನ್ನೂ ಪೂರ್ತಿ ಬಲಿಯದವುಗಳನ್ನೂ ಸೇರಿಸಿ.

ವಿಚಿತ್ರವೆಂದರೆ ಪಂಪ್ ಶುರುವಾದ ಮೊದಲ ನಿಮಿಷಗಳಲ್ಲಿ ಕೌಂಟ್ ಏರುವುದಿಲ್ಲ, ಇಳಿಯುತ್ತದೆ. ಕೊಳವೆಗಳಲ್ಲಿ ಮೊದಲೇ ತುಂಬಿಸಿದ ಒಂದು ಒಂದೂವರೆ ಲೀಟರ್ ದ್ರವ ಸೇರಿ ರಕ್ತ ತೆಳುವಾಗುವುದು ಒಂದು ಕಾರಣ. ಎದ್ದ ನ್ಯೂಟ್ರೋಫಿಲ್‌ಗಳು ಗಟ್ಟಿಯಾಗಿ, ಅಂಟಂಟಾಗಿ ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುವುದು ಇನ್ನೊಂದು. ಅಲ್ಲಿ ಅವು ತಮ್ಮ ಚೀಲ ಚೆಲ್ಲಿದರೆ ನಾಳದ ಗೋಡೆ ಸೋರುತ್ತದೆ, ಶ್ವಾಸಕೋಶದಲ್ಲಿ ನೀರು ಸೇರುತ್ತದೆ. ಹಿಂದೆ ಇದಕ್ಕೆ 'ಪಂಪ್ ಲಂಗ್' ಎಂದೇ ಹೆಸರಿತ್ತು.

ಪ್ಲಾಸ್ಟಿಕ್ ಒಂದೇ ಕಾರಣವಲ್ಲ. ಎದೆಮೂಳೆ ಕೊಯ್ಯುವುದೇ ದೊಡ್ಡ ಗಾಯ. ನಿಲ್ಲಿಸಿದ್ದ ಹೃದಯಕ್ಕೆ ಕ್ಲಾಂಪ್ ತೆಗೆದು ಮತ್ತೆ ರಕ್ತ ಬಿಟ್ಟಾಗ, ಹಸಿದಿದ್ದ ಸ್ನಾಯುವಿನಲ್ಲಿ ಆಮ್ಲಜನಕ ಒಮ್ಮೆಲೇ ಬಂದು ಕೆಡುಕಿನ ರಾಸಾಯನಿಕಗಳು ಹುಟ್ಟುತ್ತವೆ, ನ್ಯೂಟ್ರೋಫಿಲ್‌ಗಳು ಅಲ್ಲಿಗೂ ನುಗ್ಗುತ್ತವೆ. ರಕ್ತ ಹೆಪ್ಪುಗಟ್ಟದಿರಲು ಹೆಪಾರಿನ್ ಕೊಟ್ಟಿರುತ್ತಾರೆ. ಕೊನೆಯಲ್ಲಿ ಅದರ ಪರಿಣಾಮ ನಿಲ್ಲಿಸಲು ಪ್ರೊಟಮಿನ್ ಕೊಡುತ್ತಾರೆ. ಅವೆರಡೂ ಕೂಡಿದಾಗ ಕಾಂಪ್ಲಿಮೆಂಟ್ ಇನ್ನೊಮ್ಮೆ ಎಚ್ಚರವಾಗುತ್ತದೆ.

ಹೆಪಾರಿನ್ ಬಗ್ಗೆ ನಮ್ಮ ಮನೆಗಳಲ್ಲಿ ಬರುವ ಒಂದು ಪ್ರಶ್ನೆ ಇಲ್ಲೇ ಹೇಳುತ್ತೇನೆ. ಹೆಚ್ಚಿನ ಹೆಪಾರಿನ್ ಹಂದಿಯ ಕರುಳಿನಿಂದ ತೆಗೆದದ್ದು. ನಾನಾಗೆ ಯಾರೋ ಇದನ್ನು ಹೇಳಿಬಿಟ್ಟಿದ್ದರು. ಆಪರೇಷನ್‌ಗೆ ಮೊದಲು ಅವರು ಮೊಹಲ್ಲಾದ ಮೌಲವಿ ಸಾಹೇಬರನ್ನು ಕೇಳಿದರು. ಜೀವ ಉಳಿಸಲು ಬೇರೆ ದಾರಿ ಇಲ್ಲದಾಗ ಅಡ್ಡಿಯಿಲ್ಲ ಎಂದರು ಅವರು. ಹೆಪಾರಿನ್ ಇಲ್ಲದೆ ಪಂಪ್ ಹಚ್ಚಿದರೆ ಕೊಳವೆಯೊಳಗೆ ರಕ್ತ ಗಟ್ಟಿಯಾಗುತ್ತದೆ ಎಂದು ಡಾಕ್ಟರೂ ಹೇಳಿದ್ದರು. ನಾನಾ ಸಹಿ ಹಾಕಿದರು. ಪ್ರೊಟಮಿನ್ ಮೀನಿನಿಂದ ಬಂದದ್ದು ಎಂದು ನಾನು ಹೇಳಿದಾಗ "ಅದಾದರೂ ಮೀನು" ಎಂದು ನಕ್ಕರು.

ಹಾಳೆಯ ಅಂಕಿಗಳು

ನಾನಾ ಅವರ ರಿಪೋರ್ಟುಗಳನ್ನು ಒಂದು ಕಾಲಂನಲ್ಲಿ ಬರೆದುಕೊಂಡಿದ್ದೆ. ಆಪರೇಷನ್‌ಗೆ ಹಿಂದಿನ ದಿನ 7,400. ಆಪರೇಷನ್ ಆದ ಸಂಜೆ 12,900. ಮರುದಿನ 16,200. ಎರಡನೇ ದಿನ 17,800. ಜೊತೆಗೆ ಜ್ವರ 100 ಡಿಗ್ರಿ, ಮುಖ ಕೈ ಕಾಲು ಊತ, ತೂಕ ಮೂರು ಕಿಲೋ ಜಾಸ್ತಿ.

ಆ ಸಂಜೆ ನಮ್ಮ ಮಾಮು ರಿಪೋರ್ಟಿನ ಫೋಟೋವನ್ನು ನೆಂಟರಿಗೆಲ್ಲ ಕಳಿಸಿದರು. ಎಲ್ಲರದೂ ಒಂದೇ ಉತ್ತರ: ಇನ್ಫೆಕ್ಷನ್ ಆಗಿದೆ, ಇಲ್ಲಿಂದ ಬಿಡಿಸಿಕೊಂಡು ಬೇರೆ ಕಡೆ ಸೇರಿಸಿ. ಅಮ್ಮಿಯ ಬಳೆಗಳು ಆಗಲೇ ಗಿರವಿಯಲ್ಲಿದ್ದವು. ಬೇರೆ ಆಸ್ಪತ್ರೆಗೆ ಮತ್ತೆ ಅಡ್ವಾನ್ಸ್ ಕಟ್ಟಲು ಶೆಡ್ಡಿನ ಮಷೀನ್ ಮಾರುವ ಮಾತು ಬಂತು. ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ ರೇಟ್ ಕೂಡ ಕೇಳಿ ಆಗಿತ್ತು. ಎದೆಯಲ್ಲಿ ಇನ್ನೂ ಎರಡು ಡ್ರೈನ್ ಪೈಪ್ ಇದ್ದ ಎಪ್ಪತ್ತರ ಹತ್ತಿರದ ಮನುಷ್ಯನನ್ನು ಸಂಜೆಯ ಟ್ರಾಫಿಕ್‌ನಲ್ಲಿ ಊರಿನ ಇನ್ನೊಂದು ತುದಿಗೆ ಸಾಗಿಸುವ ಯೋಚನೆ.

ರಾತ್ರಿ ಡ್ಯೂಟಿ ಡಾಕ್ಟರ್ ಚಿಕ್ಕವರು. ಮಾಮು ಅವರ ಮುಂದೆ ಫೋನ್ ಹಿಡಿದು "ಡಾಕ್ಟರ್ ಸಾಬ್, ಹದಿನೇಳು ಸಾವಿರ!" ಎಂದರು. ಅವರು ಕೋಪ ಮಾಡಿಕೊಳ್ಳಲಿಲ್ಲ. "ಭಾಯ್, ಹದಿನೇಳು ಇರಲಿ. ನಾಳೆ ಎಷ್ಟು, ನಾಡಿದ್ದು ಎಷ್ಟು, ಅದನ್ನು ನಾನು ನೋಡುತ್ತಿದ್ದೇನೆ. ಪಂಪ್ ಹಾಕಿದವರಿಗೆಲ್ಲ ಇದು ಏರುತ್ತದೆ. ಗಾಯ ನೋಡಿದ್ದೇನೆ, ಒಣಗಿದೆ. ಮೂತ್ರ ಚೆನ್ನಾಗಿ ಬರುತ್ತಿದೆ, ಬಿಪಿಗೆ ಕೊಡುತ್ತಿದ್ದ ಔಷಧಿ ಕಡಿಮೆ ಮಾಡಿದ್ದೇವೆ. ಎರಡು ದಿನ ಟೈಮ್ ಕೊಡಿ" ಎಂದರು. ಮಾಮು ಒಪ್ಪಿದ್ದು ಪೂರ್ತಿ ಮನಸ್ಸಿನಿಂದ ಅಲ್ಲ. ಮೂರನೇ ದಿನ 15,100 ಬಂತು. ಐದನೇ ದಿನ 11,600. ಏಳನೇ ದಿನ 9,800.

ಅಕೌಂಟೆನ್ಸಿ ಓದಿದವರಿಗೆ ಇದು ಹೊಸದಲ್ಲ. ಒಂದು ದಿನದ ಕ್ಯಾಶ್ ಬ್ಯಾಲೆನ್ಸ್ ನೋಡಿ ಅಂಗಡಿ ಲಾಭದಲ್ಲಿದೆಯೋ ನಷ್ಟದಲ್ಲಿದೆಯೋ ಹೇಳಲಾಗುವುದಿಲ್ಲ. ಇನ್ನೊಂದು ವಿಷಯ ಶೇಕಡಾವಾರು. ಮೊದಲ ರಿಪೋರ್ಟಿನಲ್ಲಿ ಲಿಂಫೋಸೈಟ್ ಎಂಬ ಬಿಳಿ ಕಣ 30%, ಎರಡನೇ ದಿನದ್ದರಲ್ಲಿ 9%. ಒಟ್ಟು ಹೆಚ್ಚಾದುದರಿಂದ ಪಾಲು ಕಡಿಮೆಯಾಗಿದೆ ಅಷ್ಟೆ ಎಂದು ಅನ್ನಿಸುತ್ತದೆ. ಗುಣಿಸಿ ನೋಡಿ: 7,400ರಲ್ಲಿ 30% ಎಂದರೆ 2,220. 17,800ರಲ್ಲಿ 9% ಎಂದರೆ ಸುಮಾರು 1,600. ನಿಜಕ್ಕೂ ಕಡಿಮೆಯಾಗಿದೆ. ನ್ಯೂಟ್ರೋಫಿಲ್ ಮಾತ್ರ 62%ರಿಂದ 86%ಕ್ಕೆ ಹೋಗಿ, ಸುಮಾರು 4,600 ಇದ್ದದ್ದು 15,300 ಆಗಿದೆ. ದೊಡ್ಡ ಆಪರೇಷನ್ ಆದ ಮೇಲೆ ಕಾಣುವ ಮಾದರಿಯೇ ಇದು. ನ್ಯೂಟ್ರೋಫಿಲ್ ಮೇಲೆ, ಲಿಂಫೋಸೈಟ್ ಕೆಳಗೆ.

ಇಲ್ಲಿ ವೈದ್ಯರಿಗೂ ಒಂದು ತೊಡಕಿದೆ. 1992ರಲ್ಲಿ ಅಮೆರಿಕದ ತಜ್ಞರು ಇಡೀ ದೇಹದ ಉರಿಯೂತಕ್ಕೆ 'ಸರ್ಸ್' ಎಂದು ಹೆಸರಿಟ್ಟು ನಾಲ್ಕು ಗುರುತು ಕೊಟ್ಟರು. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟುವುದು ಅಥವಾ 36ಕ್ಕಿಂತ ಇಳಿಯುವುದು, ನಾಡಿ 90 ದಾಟುವುದು, ಉಸಿರು ನಿಮಿಷಕ್ಕೆ 20 ದಾಟುವುದು, ಬಿಳಿ ಕಣ 12,000 ದಾಟುವುದು ಅಥವಾ 4,000ಕ್ಕಿಂತ ಇಳಿಯುವುದು. ಯಾವುದಾದರೂ ಎರಡು ಇದ್ದರೆ ಸಾಕು. ಬೈಪಾಸ್ ಆದವರಲ್ಲಿ ಹೆಚ್ಚಿನವರು ಮೊದಲ ದಿನಗಳಲ್ಲಿ ಈ ಪಟ್ಟಿಗೆ ಸೇರಿಬಿಡುತ್ತಾರೆ. ಇನ್ಫೆಕ್ಷನ್ ಇರುವವರೂ ಸೇರುತ್ತಾರೆ. ಹಾಗಾದರೆ ಬೇರ್ಪಡಿಸುವುದು ಹೇಗೆ? ಅದಕ್ಕೇ ಡಾಕ್ಟರು ದಿಕ್ಕು ನೋಡುತ್ತಾರೆ. ಸಿಆರ್‌ಪಿ ಕೂಡ ಎರಡು ಮೂರನೇ ದಿನ ತುದಿ ಮುಟ್ಟಿ ಇಳಿಯಬೇಕು. ಇಳಿಯುತ್ತಿದ್ದ ಕೌಂಟ್ ನಾಲ್ಕೈದು ದಿನದ ಮೇಲೆ ಮತ್ತೆ ಏರತೊಡಗಿದರೆ, ಜ್ವರ ಮರಳಿದರೆ, ಆಗ ರಕ್ತ, ಕಫ, ಮೂತ್ರ ಕಲ್ಚರ್‌ಗೆ ಕಳಿಸುತ್ತಾರೆ. ಪ್ರೊಕ್ಯಾಲ್ಸಿಟೋನಿನ್ ಎಂಬ ಪರೀಕ್ಷೆಯೂ ಬ್ಯಾಕ್ಟೀರಿಯಾ ಇದೆಯೇ ಎಂದು ಊಹಿಸಲು ಸಹಾಯ ಮಾಡುತ್ತದೆ. ನಾನಾಗೆ ಸಕ್ಕರೆ ಕಾಯಿಲೆ ಇರುವುದರಿಂದ ಡಾಕ್ಟರಿಗೆ ಗಮನ ಇನ್ನೂ ಹೆಚ್ಚು ಬೇಕಿತ್ತು. ಸಕ್ಕರೆ ಏರಿದ್ದಾಗ ನ್ಯೂಟ್ರೋಫಿಲ್‌ಗಳ ಸಂಖ್ಯೆ ಎಷ್ಟೇ ಇದ್ದರೂ ಅವು ಬ್ಯಾಕ್ಟೀರಿಯಾ ಕೊಲ್ಲುವುದರಲ್ಲಿ ಹಿಂದೆ ಬೀಳುತ್ತವೆ.

ಸುಮ್ಮನಾಗಿಸಲು ಆಗದೇ?

ನನಗೆ ಬಂದ ಮುಂದಿನ ಪ್ರಶ್ನೆ ಇದು. ಬಿಳಿ ಕಣಗಳೇ ತೊಂದರೆ ಮಾಡುತ್ತಿದ್ದರೆ ಔಷಧಿ ಕೊಟ್ಟು ಅವನ್ನು ಸುಮ್ಮನಿರಿಸಬಾರದೇ? ಇದೇ ಯೋಚನೆ ವೈದ್ಯರಿಗೆ ಬಹಳ ಹಿಂದೆಯೇ ಬಂದಿತ್ತು. 1983ರಲ್ಲಿ ಅಮೆರಿಕದ ಅಲಬಾಮಾದ ಜಾನ್ ಕರ್ಕ್ಲಿನ್ ಮತ್ತು ಸಂಗಡಿಗರು, ಪಂಪ್ ಆದ ಮೇಲೆ ರಕ್ತದಲ್ಲಿ ಸಿ3ಎ ಹೆಚ್ಚಿದ್ದವರಲ್ಲಿ ಹೃದಯ, ಶ್ವಾಸಕೋಶ, ಕಿಡ್ನಿ ತೊಂದರೆಗಳೂ ಹೆಚ್ಚು ಎಂದು ತೋರಿಸಿದರು. ಅಲ್ಲಿಂದ ಮುಂದೆ ಹಲವು ದಾರಿ ನೋಡಿದರು. ಕೊಳವೆಯ ಒಳಗೆ ಹೆಪಾರಿನ್ ಲೇಪ ಹಚ್ಚಿ ರಕ್ತಕ್ಕೆ ಪರಿಚಿತವಾಗುವಂತೆ ಮಾಡುವುದು, ಬಿಳಿ ಕಣಗಳನ್ನು ಹಿಡಿಯುವ ಫಿಲ್ಟರ್ ಹಾಕುವುದು, ಹೀಗೆ. ಪರೀಕ್ಷೆಗಳಲ್ಲಿ ಅಂಕಿ ಕಡಿಮೆಯಾದವು. ರೋಗಿಗೆ ಸಿಕ್ಕ ಲಾಭ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ.

ದೊಡ್ಡ ಆಸೆ ಇದ್ದದ್ದು ಸ್ಟೆರಾಯ್ಡ್ ಮೇಲೆ. ಉರಿಯೂತ ತಗ್ಗಿಸಲು ಅದಕ್ಕಿಂತ ಬಲವಾದ ಔಷಧಿ ಕಡಿಮೆ. 2012ರಲ್ಲಿ ನೆದರ್ಲೆಂಡ್ಸ್‌ನಲ್ಲಿ 4,494 ರೋಗಿಗಳ ಮೇಲೆ ಡೆಕ್ಸಾಮೆಥಾಸೋನ್ ಪರೀಕ್ಷೆಯ ಫಲಿತಾಂಶ ಬಂತು. ಸಾವು ಮತ್ತು ದೊಡ್ಡ ತೊಂದರೆಗಳನ್ನು ಕೂಡಿಸಿ ನೋಡಿದರೆ ಖಚಿತವಾದ ವ್ಯತ್ಯಾಸ ಇಲ್ಲ. 2015ರಲ್ಲಿ ಇನ್ನೂ ದೊಡ್ಡದು: 18 ದೇಶಗಳ 7,507 ರೋಗಿಗಳು, ಔಷಧಿ ಮೀಥೈಲ್‌ಪ್ರೆಡ್ನಿಸೊಲೋನ್. ಅಲ್ಲೂ ಸಾವು ಕಡಿಮೆಯಾಗಲಿಲ್ಲ. ಹೃದಯದ ಸ್ನಾಯುವಿಗೆ ಆಗುವ ಪೆಟ್ಟು ಔಷಧಿ ಪಡೆದವರಲ್ಲೇ ಸ್ವಲ್ಪ ಹೆಚ್ಚಿತ್ತು. (ಈ ಪರೀಕ್ಷೆಯ ಹೆಸರೂ 'ಸರ್ಸ್'. ಹೆಸರಿಟ್ಟವರು ಬೇಕೆಂದೇ ಇಟ್ಟಿರಬೇಕು.) ಅದಕ್ಕೇ ಈಗ ಎಲ್ಲರಿಗೂ ಸ್ಟೆರಾಯ್ಡ್ ಕೊಡುವ ಪದ್ಧತಿಗೆ ಬೆಂಬಲ ಇಲ್ಲ. ಸಕ್ಕರೆ ಕಾಯಿಲೆಯವರಿಗೆ ಅದು ಸಕ್ಕರೆಯನ್ನೂ ಏರಿಸುತ್ತದೆ.

ಇದನ್ನು ಓದಿದಾಗ ನನಗೆ ಮೊದಲು ಆಶ್ಚರ್ಯವಾಯಿತು. ಆಮೇಲೆ ಯೋಚಿಸಿದೆ. ಶ್ವಾಸಕೋಶದಲ್ಲಿ ಸಿಕ್ಕಿ ತೊಂದರೆ ಕೊಡುವ ನ್ಯೂಟ್ರೋಫಿಲ್ಲೂ, ಎದೆಯ ಗಾಯದ ಬಾಗಿಲಲ್ಲಿ ಬ್ಯಾಕ್ಟೀರಿಯಾ ತಡೆಯುವ ನ್ಯೂಟ್ರೋಫಿಲ್ಲೂ ಒಂದೇ. ಸತ್ತ ಅಂಗಾಂಶ ತೆಗೆದು ಗಾಯ ಮಾಯುವಂತೆ ಮಾಡುವುದಕ್ಕೂ ಬಿಳಿ ಕಣಗಳೇ ಬೇಕು. ಖರ್ಚು ತಪ್ಪಿಸಲು ವಾಚ್‌ಮನ್‌ನನ್ನೇ ಕೆಲಸದಿಂದ ತೆಗೆದರೆ ಆ ತಿಂಗಳ ಸಂಬಳ ಉಳಿಯುತ್ತದೆ ನಿಜ.

ಇನ್ನೊಂದು ದಾರಿ ಪಂಪನ್ನೇ ಬಿಡುವುದು. ಹೃದಯ ಬಡಿಯುತ್ತಿರುವಾಗಲೇ ಹೊಲಿಯುವ ಜಾಗವನ್ನು ಮಾತ್ರ ಒಂದು ಕವಲು ಹಿಡಿಕೆಯಿಂದ ಅಲುಗದಂತೆ ಹಿಡಿದು ಮಾಡುವ ಬೀಟಿಂಗ್ ಹಾರ್ಟ್ ಸರ್ಜರಿ. ನಮ್ಮ ದೇಶದಲ್ಲಿ ಇದು ಬಹಳ ನಡೆಯುತ್ತದೆ. ಆಕ್ಸಿಜನೇಟರ್ ಮತ್ತು ಕೊಳವೆಗಳ ಖರ್ಚು ಉಳಿಯುವುದೂ ಒಂದು ಕಾರಣ. ಪ್ಲಾಸ್ಟಿಕ್ ಸಿಬಿರೇ ಇಲ್ಲದ ಮೇಲೆ ಇದೇ ಗೆಲ್ಲಬೇಕು ಅನ್ನಿಸುತ್ತದೆ ಅಲ್ಲವೇ? 19 ದೇಶಗಳ 79 ಆಸ್ಪತ್ರೆಗಳಲ್ಲಿ, ಭಾರತವೂ ಸೇರಿ, 4,752 ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದ ಪರೀಕ್ಷೆಯ ಫಲಿತಾಂಶ 2012ರಲ್ಲಿ ಬಂತು. ಪಂಪ್ ಇಲ್ಲದವರಿಗೆ ರಕ್ತ ಕೊಡುವುದು ಕಡಿಮೆಯಾಯಿತು, ಉಸಿರಾಟದ ತೊಂದರೆ ಮತ್ತು ಕಿಡ್ನಿಗೆ ಆಗುವ ಪೆಟ್ಟು ಕಡಿಮೆಯಾಯಿತು. ಆದರೆ ಅವರಲ್ಲಿ ಹೆಚ್ಚು ಜನರಿಗೆ ಬೇಗನೆ ಮತ್ತೆ ನಾಳ ಸರಿಮಾಡಬೇಕಾಯಿತು. 30 ದಿನದಲ್ಲಿ ಸಾವು, ಪಾರ್ಶ್ವವಾಯು, ಹೃದಯಾಘಾತ, ಡಯಾಲಿಸಿಸ್ ಬೇಕಾಗುವಷ್ಟು ಕಿಡ್ನಿ ವೈಫಲ್ಯ ಕೂಡಿಸಿ ನೋಡಿದರೆ ಎರಡೂ ಗುಂಪು ಸಮ. ಐದು ವರ್ಷದ ನಂತರವೂ ಸಮ. ಯಾರಿಗೆ ಯಾವುದು ಎಂಬುದು ಆ ಹೃದಯ ಎಷ್ಟು ದೊಡ್ಡದಾಗಿದೆ, ನಾಳಗಳು ಎಲ್ಲಿವೆ, ಸರ್ಜನ್ ಕೈ ಯಾವುದರಲ್ಲಿ ಪಳಗಿದೆ ಎಂಬುದರ ಮೇಲೆ. ನಾನಾ ಅವರ ಹೃದಯವನ್ನು ಎತ್ತಿ ತಿರುಗಿಸಿದಾಗ ಬಿಪಿ ಬೀಳುತ್ತಿತ್ತಂತೆ. ಪಂಪ್ ಹಾಕಿಯೇ ಮಾಡಿದರು.

ಐಸಿಯುನಲ್ಲಿ ಇರುವವರನ್ನು ನೋಡಲು ಹೋಗುವವರು ತಿಳಿದಿರಬೇಕಾದ ಸಣ್ಣ ವಿಷಯಗಳೂ ಇವೆ. ನಾಳದ ಗೋಡೆ ಸೋರಿ ನೀರು ಅಂಗಾಂಶಕ್ಕೆ ಹೋಗುವುದರಿಂದ ಮುಖ ಊದಿರುತ್ತದೆ. ನಾನಿ ಮೊದಲ ಸಲ ನೋಡಿ ಗುರುತೇ ಸಿಗಲಿಲ್ಲ ಎಂದು ಅತ್ತಿದ್ದರು. ಆ ನೀರು ದಿನ ಕಳೆದಂತೆ ಮೂತ್ರದಲ್ಲಿ ಹೋಗುತ್ತದೆ. ಎರಡನೆಯ ಮೂರನೆಯ ದಿನ, ಮೂರು ನಾಲ್ಕು ಜನರಲ್ಲಿ ಒಬ್ಬರಿಗೆ, ಹೃದಯದ ಬಡಿತ ತಾಳ ತಪ್ಪುತ್ತದೆ. ಅದರಲ್ಲೂ ಉರಿಯೂತದ ಪಾಲಿದೆ, ಹೆಚ್ಚಿನವರಿಗೆ ಔಷಧಿಯಿಂದ ಸರಿಹೋಗುತ್ತದೆ. ಕೆಲವರು ಒಂದೆರಡು ದಿನ ತಬ್ಬಿಬ್ಬಾಗಿ ಮಾತಾಡುತ್ತಾರೆ.

ಮನೆಗೆ ಬಂದ ಮೇಲೆ ದಿನಾ ರಕ್ತ ಪರೀಕ್ಷೆ ಇರುವುದಿಲ್ಲ, ಕಣ್ಣೇ ಪರೀಕ್ಷೆ. ಎದೆಯ ಹೊಲಿಗೆಯಿಂದ ನೀರು ಅಥವಾ ಕೀವು ಬಂದರೆ, ಕೆಮ್ಮಿದಾಗ ಎದೆಮೂಳೆ ಕಟಕಟ ಅಲುಗಿದಂತಾದರೆ, ಕಡಿಮೆಯಾಗಿದ್ದ ಜ್ವರ ಚಳಿಯೊಂದಿಗೆ ಮತ್ತೆ ಬಂದರೆ ಅದೇ ದಿನ ಆಪರೇಷನ್ ಮಾಡಿದ ಆಸ್ಪತ್ರೆಗೆ ಹೋಗಬೇಕು. ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗಿಸಿದರೆ ಮುಂದೆ ಕಲ್ಚರ್‌ನಲ್ಲಿ ಏನೂ ಸಿಗದೆ ಡಾಕ್ಟರಿಗೇ ದಾರಿ ತಪ್ಪುತ್ತದೆ. ಸಿರೆ ತೆಗೆದ ಕಾಲನ್ನೂ ಮರೆಯಬೇಡಿ. ಎಲ್ಲರೂ ಎದೆಯನ್ನೇ ನೋಡುತ್ತಿರುತ್ತಾರೆ, ಸಕ್ಕರೆ ಕಾಯಿಲೆಯವರಲ್ಲಿ ಗಾಯ ಕೆಡುವುದು ಎಷ್ಟೋ ಸಲ ಕಾಲಿನಲ್ಲಿ. ನಮ್ಮ ಮನೆಯಲ್ಲಿ ನಾನಾ ಅವರ ಕಾಲಿನ ಬ್ಯಾಂಡೇಜ್ ಬಿಚ್ಚಿ ನೋಡುವ ಕೆಲಸ ಆರು ವಾರ ನನ್ನದಾಗಿತ್ತು.